‘ಸುಖಿ’ ಎಂದು ಬರೆದ ನಾಣ್ಯ

ಉರ್ದುವಿನಲ್ಲಿ ‘ಸಿಕ್ಕಾ’ ಎಂದರೆ ನಾಣ್ಯ. ‘ಸಿಕ್ಕಾ ಚಲ್‌ನಾ’ ಎಂದರೆ ನಾಣ್ಯ ಓಡುವುದು. ಒಬ್ಬನ ಮಾತು ನಡೆಯುವುದು, ಅವನ ದರ್ಬಾರು ಸಾಗುವುದು ಎಂಬ ಅರ್ಥವೂ ಅದಕ್ಕಿದೆ. ಶುಕ್ರವಾರದ ಖುತ್ಬಾದಲ್ಲಿ ಹೆಸರು ಓದಿಸುವುದು, ಸಿಕ್ಕಾದ ಮೇಲೆ ಹೆಸರು ಅಚ್ಚು ಹಾಕಿಸುವುದು ಇವೆರಡೂ ಮುಸ್ಲಿಂ ಅರಸೊತ್ತಿಗೆಗಳಲ್ಲಿ ದೊರೆತನದ ಗುರುತುಗಳಾಗಿದ್ದವು. ಹೊಸಬ ಪಟ್ಟಕ್ಕೆ ಬಂದನೆಂಬ ಸುದ್ದಿ ಬಹಳಷ್ಟು ಜನರಿಗೆ ತಿಳಿಯುತ್ತಿದ್ದುದೇ ಈ ಎರಡು ದಾರಿಗಳಿಂದ. ಹಾಗೆ ನೋಡಿದರೆ ನಾಣ್ಯವೆಂಬುದು ಪ್ರಭುತ್ವವು ಪ್ರಜೆಗಳ ಕಿಸೆಗೆ ಹಾಕುವ ಒಂದು ಹೇಳಿಕೆ. ಹೇಳಿಕೆ ಎಂದ ಮೇಲೆ ಅದನ್ನು ಒಂದು ಕತೆಯನ್ನು ಓದುವ ಹಾಗೆ ಓದಬಹುದು. ಅದು ಹೇಳಿದ್ದೇನು, ಬಚ್ಚಿಟ್ಟಿದ್ದೇನು ಎಂದು ಕೇಳಬಹುದು. ಇಲ್ಲಿ ನಾವು ಮಾಡಹೊರಟಿರುವುದು ಅಷ್ಟನ್ನೇ. ಓದಿಗೆ ಎತ್ತಿಕೊಂಡಿರುವುದು ರೋಮ್ ಸಾಮ್ರಾಜ್ಯದಲ್ಲಿ ಸುಮಾರು 1800 ವರ್ಷಗಳ ಹಿಂದೆ ಟಂಕಿಸಿದ ಒಂದು ಬೆಳ್ಳಿಯ ದಿನಾರಿಯಸ್. ಅರಬ್ಬಿಯ ‘ದೀನಾರ್’ ಎಂಬ ಪದ ಹುಟ್ಟಿದ್ದು ಈ ದಿನಾರಿಯಸ್ಸಿನಿಂದಲೇ.

ನಾಣ್ಯ ಚಿಕ್ಕದು. ಹೆಬ್ಬೆರಳ ಉಗುರಿಗಿಂತ ತುಸು ಅಗಲ, ತೂಕ ಮೂರು ಗ್ರಾಮಿನ ಆಸುಪಾಸು. ಮುಮ್ಮುಖದಲ್ಲಿ ಬಲಕ್ಕೆ ತಿರುಗಿದ ಹೆಂಗಸಿನ ಮುಖ. ಅಲೆ ಅಲೆಯಾಗಿ ಬಾಚಿ ಹಿಂದಕ್ಕೆ ಕಟ್ಟಿದ ದಟ್ಟ ಕೂದಲು, ಟೋಪಿ ಇಟ್ಟಂತೆ ತಲೆಯನ್ನು ಆವರಿಸಿದೆ. ಸುತ್ತಲೂ ಲ್ಯಾಟಿನ್ ಅಕ್ಷರಗಳು: ಯೂಲಿಯಾ, ಪಿಯಾ, ಫೆಲಿಕ್ಸ್, ಅಗಸ್ಟಾ. ಯೂಲಿಯಾ ಎಂಬುದು ಹೆಸರು. ನಾವು ಜೂಲಿಯಾ ಡೊಮ್ನಾ ಎಂದು ಕರೆಯುವ ಸಾಮ್ರಾಜ್ಞಿ ಇವಳು. ‘ಪಿಯಾ’ ಎಂದರೆ ದೇವರಿಗೂ ಮನೆತನಕ್ಕೂ ಸಲ್ಲಬೇಕಾದುದನ್ನು ಸಲ್ಲಿಸಿದವಳು. ‘ಫೆಲಿಕ್ಸ್’ ಎಂದರೆ ಸುಖಿ, ಭಾಗ್ಯವಂತೆ. ಹಿಮ್ಮುಖದಲ್ಲಿ ಕೈಯಲ್ಲಿ ರೆಂಬೆ ಮತ್ತು ರಾಜದಂಡ ಹಿಡಿದು ಕುಳಿತ ಹೆಣ್ಣು. ಅದರ ಸುತ್ತ ಮೊಟಕುಗೊಳಿಸಿದ ಒಂದು ಸಾಲು. ಬಿಡಿಸಿ ಓದಿದರೆ, ಅಗಸ್ಟಸರ ತಾಯಿ, ಸೆನೆಟ್ಟಿನ ತಾಯಿ, ನಾಡಿನ ತಾಯಿ. ಅಂಗೈಯಲ್ಲಿ ಮುಚ್ಚಿಕೊಳ್ಳಬಹುದಾದ ಬಿಲ್ಲೆಯ ಮೇಲೆ ಮೂರು ಸಲ ತಾಯಿ!

ರೆಂಬೆ, ರಾಜದಂಡ ಹಿಡಿದು ಕುಳಿತ ಈ ಹೆಣ್ಣಿನ ಭಂಗಿ ಕನ್ನಡ ನಾಡಿನ ಮಣ್ಣಿಗೆ ಅಪರಿಚಿತವಲ್ಲ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮಿನ ಟೈಬೀರಿಯಸ್ ದೊರೆಯ ದಿನಾರಿಯಸ್‌ಗಳು ಸಿಕ್ಕಿವೆ. ದಕ್ಷಿಣ ಭಾರತದಲ್ಲಿ ಹೆಚ್ಚಾಗಿ ದೊರೆಯುವ ಅವನ ನಾಣ್ಯದ ಹಿಂಬದಿಯಲ್ಲೂ ಇಂಥದೇ ಹೆಣ್ಣೊಬ್ಬಳು ಕುಳಿತಿದ್ದಾಳೆ. ಅವಳು ಶಾಂತಿದೇವತೆಯ ರೂಪದಲ್ಲಿರುವ ಟೈಬೀರಿಯಸ್ಸನ ತಾಯಿ ಲಿವಿಯಾ ಎಂದು ಅನೇಕ ವಿದ್ವಾಂಸರು ಗುರುತಿಸುತ್ತಾರೆ. ಆದರೆ ನಾಣ್ಯದ ಮೇಲೆ ಅವಳ ಹೆಸರಿಲ್ಲ. ಇರುವುದು ಮಗನ ಹೆಸರು, ಬಿರುದು. ಲಿವಿಯಾಳನ್ನು ‘ನಾಡಿನ ತಾಯಿ’ ಎಂದು ಕರೆಯೋಣವೆಂದು, ದೊರೆಯ ಹೆಸರಿನ ಜೊತೆ ಇಂಥವಳ ಮಗ ಎಂದೂ ಬರೆಯೋಣವೆಂದು ಸೆನೆಟ್ಟಿನಲ್ಲಿ ಸೂಚನೆ ಬಂದಾಗ ಟೈಬೀರಿಯಸ್ ಒಪ್ಪಲಿಲ್ಲ. ಹೆಣ್ಣಿನ ಮಗನೆಂದು ಬರೆಸಿಕೊಳ್ಳುವುದು ಸಾಮ್ರಾಟನಿಗೆ ಹಿತವೆನಿಸಲಿಲ್ಲ. ಸುಮಾರು ಎರಡು ಶತಮಾನಗಳ ನಂತರ ಅದೇ ಬಿರುದು ಜೂಲಿಯಾಳಿಗೆ ಸಿಕ್ಕಿತು. ಹಾಗಾದರೆ ಈ ನಡುವೆ ಹೆಣ್ಣಿನ ಸ್ಥಾನ ಏರಿತೆ? ನಾಣ್ಯ ಮಾತ್ರ ನೋಡಿದರೆ ಹೌದೆನ್ನಬೇಕು. ನಮ್ಮ ಅನುಮಾನ ಶುರುವಾಗುವುದು ಇಲ್ಲಿಂದಲೇ.

ಜೂಲಿಯಾ ರೋಮಿನವಳಲ್ಲ, ಸಿರಿಯಾದವಳು. ಅವಳ ಊರು ಎಮೆಸಾ. ಇಂದು ನಾವು ಹಿಮ್ಸ್ ಎನ್ನುವ, ಹಜ್ರತ್ ಖಾಲಿದ್ ಬಿನ್ ವಲೀದರ ಮಸೀದಿಯಿರುವ ಊರೇ ಅದು. ಅವಳ ತಂದೆ ಅಲ್ಲಿನ ಸೂರ್ಯದೇವಾಲಯದ ಅರ್ಚಕ. ಗಂಡ ಸೆಪ್ಟಿಮಿಯಸ್ ಸೆವೆರಸ್ ಇಂದಿನ ಲಿಬಿಯಾದ ಲೆಪ್ಟಿಸ್ ಮ್ಯಾಗ್ನಾದವನು. ಅಂದರೆ ಸಾಮ್ರಾಜ್ಯದ ಅಂಚುಗಳಿಂದ ಬಂದ ಇಬ್ಬರು ಅದರ ನಡುಮನೆಯಲ್ಲಿ ಕುಳಿತರು. ಕ್ರಿ.ಶ. 193ರಲ್ಲಿ ಸೆವೆರಸ್ ದೊರೆಯಾದ. ಅಷ್ಟರಲ್ಲಿ ಅವರಿಗೆ ಇಬ್ಬರು ಗಂಡುಮಕ್ಕಳು: 188ರಲ್ಲಿ ಹುಟ್ಟಿದ ಕ್ಯಾರಕಲ್ಲಾ, 189ರಲ್ಲಿ ಹುಟ್ಟಿದ ಗೇಟಾ.

ಅಂದಿನಿಂದ 217ರವರೆಗೆ ಅವಳ ಮುಖ ನಾಣ್ಯಗಳ ಮೇಲೆ ಬರುತ್ತಲೇ ಹೋಯಿತು. ಆ ನಾಣ್ಯಗಳನ್ನು ಸಾಲಾಗಿಟ್ಟು ಹಿಂಬದಿಯನ್ನು ಓದಿದರೆ ಪ್ರಭುತ್ವಕ್ಕೆ ಅವಳಿಂದ ಏನೇನು ಬೇಕಿತ್ತು ಎಂಬುದರ ಪಟ್ಟಿಯೇ ಸಿಗುತ್ತದೆ. ಮೊದಲಿಗೆ ಚೆಲುವಿನ ದೇವತೆ ವೀನಸ್ ಬರುತ್ತಾಳೆ. ಆಮೇಲೆ ಸಂತಾನಸಮೃದ್ಧಿ, ಧರ್ಮನಿಷ್ಠೆ, ಒಲೆಯ ಬೆಂಕಿ ಕಾಯುವ ವೆಸ್ಟಾ, ಉಲ್ಲಾಸ, ಹರ್ಷ. 195ರಲ್ಲಿ ಅವಳಿಗೆ ‘ಸೇನಾ ಶಿಬಿರಗಳ ತಾಯಿ’ ಎಂಬ ಬಿರುದು ಕೊಡಲಾಯಿತು. ಆ ನಾಣ್ಯದಲ್ಲಿ ಅವಳು ಸೇನೆಯ ಧ್ವಜಗಳ ಮುಂದೆ ನಿಂತು ನೈವೇದ್ಯ ಅರ್ಪಿಸುತ್ತಿದ್ದಾಳೆ. ಇದು ಯಾರ ಕೈಗೆ ಹೋಗುವ ನಾಣ್ಯ? ಸಂಬಳ ಎಣಿಸಿಕೊಳ್ಳುವ ಸಿಪಾಯಿಯ ಕೈಗೆ. ಸೆವೆರಸ್ ಪಟ್ಟ ಗೆದ್ದುದು ಸೈನ್ಯದ ಬಲದಿಂದ. ಅವನು ಸಿಪಾಯಿಗಳ ಸಂಬಳ ಏರಿಸಿದ. ಅದನ್ನು ಹೊಂದಿಸಲು ದಿನಾರಿಯಸ್ಸಿಗೆ ತಾಮ್ರ ಬೆರೆಸಿ, ಬೆಳ್ಳಿಯನ್ನು ಸುಮಾರು ಅರ್ಧಕ್ಕೆ ಇಳಿಸಿದ. 215ರಲ್ಲಿ ಕ್ಯಾರಕಲ್ಲಾ ಇನ್ನೊಂದು ಹೊಸ ನಾಣ್ಯ ತಂದ. ಅದರ ಬೆಲೆ ಎರಡು ದಿನಾರಿಯಸ್ ಎಂದು ವಿದ್ವಾಂಸರು ಸಾಮಾನ್ಯವಾಗಿ ಲೆಕ್ಕ ಹಾಕುತ್ತಾರೆ. ಒಳಗಿದ್ದ ಬೆಳ್ಳಿ ಒಂದೂವರೆಯದು ಮಾತ್ರ. ಅದರ ಮೇಲೆ ದೊರೆಗೆ ಸೂರ್ಯಕಿರಣಗಳ ಕಿರೀಟ, ತಾಯಿಗೆ ಕೆಳಗೊಂದು ಬಾಲಚಂದ್ರ. ಬೆಳ್ಳಿ ಕಡಿಮೆಯಾಗುತ್ತ ಹೋದ ಹಾಗೆ ಬಿರುದುಗಳು ಹೆಚ್ಚುತ್ತ ಹೋದದ್ದನ್ನು ಇಲ್ಲಿ ಗಮನಿಸಬೇಕು.

ಈ ಸಾಲಿನಲ್ಲಿ ಬಹಳ ಮಾತಾಡಿಸಲ್ಪಟ್ಟಿರುವುದು ಸುಮಾರು 202ರ ಒಂದು ಚಿನ್ನದ ನಾಣ್ಯ. ಮುಂಬದಿಯಲ್ಲಿ ಸೆವೆರಸ್. ಹಿಂಬದಿಯಲ್ಲಿ ನಮ್ಮನ್ನೇ ನೇರವಾಗಿ ನೋಡುವ ಜೂಲಿಯಾ. ಅವಳ ಎಡಬಲಕ್ಕೆ ಒಬ್ಬರಿಗೊಬ್ಬರು ಮುಖ ಮಾಡಿದ ಇಬ್ಬರು ಮಕ್ಕಳು. ರೋಮಿನ ನಾಣ್ಯಗಳಲ್ಲಿ ಮುಖಗಳು ಸಾಮಾನ್ಯವಾಗಿ ಪಕ್ಕಕ್ಕೆ ತಿರುಗಿರುತ್ತವೆ. ಹೀಗೆ ನೇರ ನೋಡುವ ಮುಖ ಅಪರೂಪ. ಸುತ್ತ ಬರೆದಿರುವುದು ‘ಯುಗದ ಸುಖ’ ಎಂದು. ಇಬ್ಬರು ವಾರಸುದಾರರು, ನಡುವೆ ಹೆತ್ತವಳು, ಇನ್ನು ನಾಡಿಗೆ ಚಿಂತೆಯಿಲ್ಲ ಎಂಬುದು ಇದರ ಹೇಳಿಕೆ. ಆದರೆ ಆ ಅಣ್ಣತಮ್ಮಂದಿರಿಗೆ ಒಬ್ಬರನ್ನೊಬ್ಬರು ಕಂಡರೆ ಆಗುತ್ತಿರಲಿಲ್ಲ ಎಂದು ಅದೇ ಕಾಲದಲ್ಲಿ ಬದುಕಿದ್ದ ಸೆನೆಟರ್, ಇತಿಹಾಸಕಾರ ಕ್ಯಾಸಿಯಸ್ ಡಿಯೊ ಬರೆದಿದ್ದಾನೆ. ನಾಣ್ಯದಲ್ಲಿ ಅವರಿಬ್ಬರ ನಡುವೆ ತಾಯಿಯ ಮುಖವಿದೆ. ಕೊನೆಗೆ ಬದುಕಿನಲ್ಲೂ ಅವಳು ನಿಲ್ಲಬೇಕಾಗಿ ಬಂದದ್ದು ಅದೇ ಜಾಗದಲ್ಲಿ.

211ರ ಫೆಬ್ರವರಿಯಲ್ಲಿ ಸೆವೆರಸ್ ಬ್ರಿಟನ್ನಿನ ಯಾರ್ಕಿನಲ್ಲಿ ತೀರಿಕೊಂಡ. ಇಬ್ಬರು ಮಕ್ಕಳೂ ಒಟ್ಟಿಗೆ ದೊರೆಗಳಾದರು. ನಾವು ಓದುತ್ತಿರುವ ದಿನಾರಿಯಸ್ ಹುಟ್ಟಿದ್ದು ಈ ಹೊತ್ತಿನಲ್ಲಿ. ಅದರ ಹಿಂಬದಿಯ ಸಾಲಿನಲ್ಲಿ ಒಂದು ಅಕ್ಷರದ ವಿಶೇಷವಿದೆ. ‘ಅಗಸ್ಟಸ್’ ಎಂಬುದನ್ನು ಮೊಟಕಾಗಿ ಬರೆಯುವಾಗ ಕೊನೆಗೆ ‘ಜಿ’ ಅಕ್ಷರ ಒಂದಿದ್ದರೆ ಒಬ್ಬ ದೊರೆ, ಎರಡಿದ್ದರೆ ಇಬ್ಬರು. ಈ ನಾಣ್ಯದಲ್ಲಿ ಎರಡಿವೆ. ಜೂಲಿಯಾ ಇಬ್ಬರು ದೊರೆಗಳ ತಾಯಿ.

ಆ ಲೆಕ್ಕ ವರ್ಷ ಕಳೆಯುವ ಮೊದಲೇ ತಪ್ಪಿತು. 211ರ ಡಿಸೆಂಬರಿನಲ್ಲಿ ರಾಜಿ ಮಾತಾಡೋಣವೆಂದು ಕ್ಯಾರಕಲ್ಲಾ ತಾಯಿಯ ಮೂಲಕ ತಮ್ಮನನ್ನು ಅವಳ ಕೋಣೆಗೆ ಕರೆಸಿದ. ಗೇಟಾ ಒಬ್ಬನೇ ಬಂದ. ಹೊಂಚಿ ನಿಂತಿದ್ದ ಸೇನಾಧಿಕಾರಿಗಳು ಒಳನುಗ್ಗಿದರು. ಗೇಟಾ ಓಡಿ ತಾಯಿಯ ಕೊರಳಿಗೆ ಜೋತುಬಿದ್ದ. ಅವಳ ಮಡಿಲಲ್ಲೇ ಅವನನ್ನು ಕೊಂದರು. ಅವಳ ಕೈಗೂ ಗಾಯವಾಯಿತು. ಆ ಗಾಯ ಅವಳ ಅರಿವಿಗೇ ಬರಲಿಲ್ಲ. ಗೇಟಾನಿಗೆ ಆಗ ಇಪ್ಪತ್ತೆರಡು ವರ್ಷ. ಇದನ್ನು ಹೇಳಿದ ಡಿಯೊ ಮುಂದೆ ಇನ್ನೊಂದು ಮಾತು ಸೇರಿಸುತ್ತಾನೆ. ನಮಗೆ ಕೊಲೆಗಿಂತ ಅದೇ ಹೆಚ್ಚು ಭಯಾನಕವಾಗಿ ಕಾಣುತ್ತದೆ. ಮಗನಿಗಾಗಿ ಅಳುವುದಕ್ಕೆ ಅವಳಿಗೆ ಅನುಮತಿ ಇರಲಿಲ್ಲ. ಯಾವುದೋ ದೊಡ್ಡ ಭಾಗ್ಯ ಬಂದವಳಂತೆ ಅವಳು ನಗುನಗುತ್ತ ಇರಬೇಕಿತ್ತು. ಅವಳ ಮಾತು, ಸನ್ನೆ, ಮುಖದ ಬಣ್ಣ ಎಲ್ಲದರ ಮೇಲೂ ಕಣ್ಣಿಡಲಾಗಿತ್ತು.

ಈಗ ನಾಣ್ಯದ ಮುಂಬದಿಯನ್ನು ಮತ್ತೆ ಓದಬೇಕು. ಯೂಲಿಯಾ, ಪಿಯಾ, ಫೆಲಿಕ್ಸ್. ಮನೆತನಕ್ಕೆ ಸಲ್ಲಬೇಕಾದುದನ್ನು ಸಲ್ಲಿಸಿದವಳು, ಸುಖಿ. ಮಗನ ಮಯ್ಯತ್ತಿನ ಮುಂದೆ ಕೂತು ಅಳುವ ಹಕ್ಕೂ ಇಲ್ಲದವಳನ್ನು ಟಂಕಸಾಲೆ 217ರವರೆಗೆ ಹೀಗೇ ಕರೆಯಿತು.

ಇದಕ್ಕೆ ಒಂದು ತಕರಾರು ಬರಬಹುದು. ‘ಪಯಸ್ ಫೆಲಿಕ್ಸ್’ ಎಂಬುದು ಆಗಲೇ ದೊರೆಗಳ ಬಿರುದಾಗಿತ್ತು; ಕೊಮೊಡಸ್ಸನ ಕಾಲದಿಂದ ಬಳಕೆಯಲ್ಲಿತ್ತು. ಜೂಲಿಯಾಳಿಗೆ ಕೊಟ್ಟದ್ದು ಅದರ ಸ್ತ್ರೀರೂಪ. ಅದರಲ್ಲಿ ವ್ಯಂಗ್ಯವನ್ನಾಗಲಿ ಕ್ರೌರ್ಯವನ್ನಾಗಲಿ ಹುಡುಕಬಾರದು, ಅದು ಕಚೇರಿಯ ಭಾಷೆ ಎನ್ನಬಹುದು. ತಕರಾರು ಸರಿಯಾದದ್ದೇ. ಅಚ್ಚು ಕೆತ್ತಿದವನು ಅವಳನ್ನು ಅಣಕಿಸಲು ಕೂತಿರಲಿಲ್ಲ. ಹಿಂಬದಿಯ ಎರಡು ‘ಜಿ’ಗಳನ್ನು ನೋಡಿದರೆ ಈ ಒಂದು ಅಚ್ಚು ಕೊಲೆಗಿಂತ ಮೊದಲಿನದೇ ಇರಬೇಕು. ಆದರೆ ಕೊಲೆಯ ನಂತರವೂ ಆ ಬಿರುದನ್ನು ಬದಲಿಸಬೇಕೆಂದು ಯಾರಿಗೂ ಅನಿಸಲಿಲ್ಲ ಎಂಬುದು ನಮ್ಮ ಮಾತು. ಕಚೇರಿಯ ಭಾಷೆಗೆ ಒಬ್ಬ ಮನುಷ್ಯಳ ಒಡಲಿನಲ್ಲಿ ಏನಾಯಿತು ಎಂಬುದು ಬೇಕಾಗುವುದಿಲ್ಲ. ಅದು ಹೇಗೆ ಕಾಣಬೇಕು ಎಂಬುದಷ್ಟೇ ಬೇಕು. ಅರಮನೆಯಲ್ಲಿ ನಗು ಎಂದು ವಿಧಿಸಿದ ಆಜ್ಞೆ, ಪೇಟೆಯಲ್ಲಿ ಸುಖಿ ಎಂದು ಓಡಾಡಿದ ನಾಣ್ಯ, ಇವೆರಡೂ ಒಂದೇ ಆಡಳಿತದ ಕೆಲಸಗಳು.

ಆ ಆಡಳಿತ ಇನ್ನೂ ಒಂದು ಕೆಲಸ ಮಾಡಿತು. ಗೇಟಾನ ನೆನಪನ್ನೇ ಅಳಿಸಲು ಹೊರಟಿತು. ಅವನ ಕಡೆಯವರೆಂದು 20,000 ಜನರನ್ನು ಕೊಲ್ಲಲಾಯಿತು ಎನ್ನುತ್ತಾನೆ ಡಿಯೊ. ಶಿಲಾಶಾಸನಗಳಲ್ಲಿ ಅವನ ಹೆಸರನ್ನು ಉಳಿಯಿಂದ ಕೆತ್ತಿ ತೆಗೆದರು. ಎಷ್ಟೋ ಕಡೆ ಅವನ ಪಾಲಿನ ಆ ಒಂದು ‘ಜಿ’ಯನ್ನೂ ಕೆತ್ತಿ ಹಾಕಿದರು. ಏಷ್ಯಾ ಮೈನರಿನ ಸ್ಟ್ರಾಟೊನಿಕೆಯಾ ಊರಿನ ನಾಣ್ಯಗಳಲ್ಲಿ ಅಣ್ಣನ ಎದುರಿಗಿದ್ದ ತಮ್ಮನ ಮುಖವನ್ನು ಉಜ್ಜಿ ಸವೆಸಿರುವುದು ಈಗಲೂ ಕಾಣುತ್ತದೆ. ಈಜಿಪ್ಟಿನಿಂದ ಬಂದು ಬರ್ಲಿನ್ನಿನ ಸಂಗ್ರಹಾಲಯದಲ್ಲಿರುವ ಮರದ ಹಲಗೆಯ ವರ್ಣಚಿತ್ರವೊಂದಿದೆ. ಅದರಲ್ಲಿ ಸೆವೆರಸ್ ಇದ್ದಾನೆ, ಮುತ್ತಿನ ಸರ ತೊಟ್ಟ ಜೂಲಿಯಾ ಇದ್ದಾಳೆ, ಒಬ್ಬ ಮಗನಿದ್ದಾನೆ. ಇನ್ನೊಬ್ಬ ಮಗನ ಮುಖ ಇರಬೇಕಾದಲ್ಲಿ ಕೆರೆದ ಬೋಳು ಜಾಗವಿದೆ. ರೋಮಿನಲ್ಲಿ 204ರಲ್ಲಿ ಸರಾಫರು ಮತ್ತು ದನದ ವ್ಯಾಪಾರಿಗಳು ಸೇರಿ ಕಟ್ಟಿಸಿದ ಒಂದು ಕಲ್ಲಿನ ದ್ವಾರ ಈಗಲೂ ನಿಂತಿದೆ. ಅದರ ಉಬ್ಬುಚಿತ್ರದಲ್ಲೂ ಸೆವೆರಸ್ ಮತ್ತು ಜೂಲಿಯಾಳ ಪಕ್ಕದಲ್ಲಿ ಗೇಟಾನ ಜಾಗ ಖಾಲಿ. ಎಲ್ಲ ಕಡೆಯೂ ತಾಯಿಯ ಮುಖ ಉಳಿದಿದೆ. ಅವಳನ್ನು ಅಳಿಸಲಿಲ್ಲ, ಏಕೆಂದರೆ ಅವಳು ಇನ್ನೂ ಬೇಕಾಗಿದ್ದಳು. ಖಾಲಿ ಜಾಗದ ಪಕ್ಕದಲ್ಲಿ ಅವಳನ್ನು ನಿಲ್ಲಿಸಿದರು.

ಅದೇ ದ್ವಾರದಲ್ಲಿ ಅಳಿಸಿದ ಇನ್ನೊಂದು ಆಕೃತಿ ಅವಳ ಸೊಸೆಯದು. ಪ್ಲಾಟಿಲ್ಲಾ ಎಂಬ ಆ ಹುಡುಗಿಯನ್ನು 202ರಲ್ಲಿ ಕ್ಯಾರಕಲ್ಲಾನಿಗೆ ಮದುವೆ ಮಾಡಿದರು. ಅವಳಿಗೂ ನಾಣ್ಯಗಳು ಬಂದವು. ಗಂಡಹೆಂಡಿರು ಕೈಹಿಡಿದು ನಿಂತ ಚಿತ್ರ, ಸುತ್ತ ‘ಶಾಶ್ವತ ಸಾಮರಸ್ಯ’ ಎಂಬ ಬರಹ. ಇನ್ನೊಂದರಲ್ಲಿ ‘ಸಾಮ್ರಾಜ್ಯದ ಸಂತತಿ’. ಕ್ಯಾರಕಲ್ಲಾ ಅವಳನ್ನೂ ಅವಳ ತಂದೆಯನ್ನೂ ದ್ವೇಷಿಸುತ್ತಿದ್ದನೆಂದು ಡಿಯೊ ಬರೆಯುತ್ತಾನೆ. 205ರಲ್ಲಿ ಅವಳ ತಂದೆಯ ಕೊಲೆಯಾಯಿತು. ಅವಳನ್ನು ಲಿಪಾರಿ ದ್ವೀಪಕ್ಕೆ ಗಡೀಪಾರು ಮಾಡಿದರು. ಸೆವೆರಸ್ ಸತ್ತ ಮೇಲೆ ಗಂಡ ಅವಳನ್ನೂ ಕೊಲ್ಲಿಸಿದ. ಶಾಶ್ವತ ಸಾಮರಸ್ಯ ಬಾಳಿದ್ದು ಮೂರು ವರ್ಷ. ಅತ್ತೆ ಸೊಸೆಯರ ನಾಣ್ಯಗಳನ್ನು ಪಕ್ಕಪಕ್ಕ ಇಟ್ಟರೆ ಒಂದು ಸಂಗತಿ ಹೊಳೆಯುತ್ತದೆ. ಹೆಣ್ಣಿನ ಮುಖವಿದ್ದ ನಾಣ್ಯ ನಡೆದದ್ದನ್ನು ಹೇಳಲಿಲ್ಲ. ಪ್ರಭುತ್ವಕ್ಕೆ ಏನು ಬೇಕೆಂದು ಹೇಳಿತು.

ಈ ಓದಿನಿಂದ ನಮಗೇನಾಗಬೇಕು ಎಂದು ಓದುಗರು ಕೇಳಬಹುದು. ನಮ್ಮ ನಡುವೆ ಹೆಣ್ಣಿನ ಮುಖದ ಬಗ್ಗೆ ನಡೆಯುವ ಚರ್ಚೆ ಮುಗಿಯುವುದೇ ಇಲ್ಲ. ಮುಖ ಕಂಡರೆ ಬಿಡುಗಡೆ ಎನ್ನುವವರು ಒಂದು ಕಡೆ, ಮರೆಯಾದರೆ ಮರ್ಯಾದೆ ಎನ್ನುವವರು ಇನ್ನೊಂದು ಕಡೆ. ನಾಣ್ಯಗಳ ಚರಿತ್ರೆಯನ್ನೂ ಈ ವಾದಕ್ಕೆ ಎಳೆಯಬಹುದು. ರೋಮ್ ತನ್ನ ಹೆಂಗಸರ ಮುಖವನ್ನು ಬೆಳ್ಳಿ ಬಂಗಾರದ ಮೇಲೆ ಮೆರೆಸಿತು. ಇತ್ತ ಖಲೀಫ ಅಬ್ದುಲ್ ಮಲಿಕ್ ಹಿಜರಿ 77ರಲ್ಲಿ, ಅಂದರೆ ಕ್ರಿ.ಶ. 696-97ರಲ್ಲಿ, ದೀನಾರಿನ ಮೇಲಿದ್ದ ಚಿತ್ರಗಳನ್ನೇ ತೆಗೆದು ಬರಹ ಮಾತ್ರ ಉಳಿಸಿದ. ಗಂಡಿನ ಮುಖವೂ ಹೋಯಿತು, ಹೆಣ್ಣಿನದೂ ಇಲ್ಲ. ಹಾಗಾದರೆ ಯಾವ ನಾಣ್ಯ ಹೆಣ್ಣನ್ನು ಹೆಚ್ಚು ಗೌರವಿಸಿತು?

ಉತ್ತರ ಹುಡುಕಲು ಈಜಿಪ್ಟಿನ ಶಜರ್ ಅದ್ದುರ್‌ಳ ದೀನಾರನ್ನು ನೋಡಬೇಕು. 1250ರಲ್ಲಿ ಈ ಹೆಣ್ಣು ಕೈರೋದ ತಖ್ತಿನ ಮೇಲೆ ಕುಳಿತು ಸುಮಾರು ಎಂಬತ್ತು ದಿನ ಆಳಿದಳು. ಅವಳ ನಾಣ್ಯದಲ್ಲಿ ಮುಖವಿಲ್ಲ. ‘ಮುಸ್ಲಿಮರ ರಾಣಿ’ ಎಂದು ಧೈರ್ಯವಾಗಿ ಬರೆದಿದೆ. ಆದರೆ ಅವಳ ಸ್ವಂತ ಹೆಸರಿಗೆ ಅಲ್ಲಿ ಜಾಗವಿಲ್ಲ. ಬಗ್ದಾದಿನ ಖಲೀಫನಿಗೆ ಸೇರಿದವಳು, ತೀರಿಕೊಂಡ ಗಂಡ ಸಾಲಿಹನಿಗೆ ಸೇರಿದವಳು, ಮಲಿಕ್ ಮನ್ಸೂರ್ ಖಲೀಲನ ತಾಯಿ ಎಂದು ಮೂವರು ಗಂಡಸರ ಆಸರೆಯಲ್ಲಿ ಅವಳ ಗುರುತು ನಿಂತಿದೆ. ಆ ಖಲೀಲ್ ಎಳವೆಯಲ್ಲೇ ತೀರಿಹೋಗಿದ್ದ ಕೂಸು! ಜೂಲಿಯಾ ಸತ್ತ ಮಗನ ತಾಯಿ ಎಂದು ಹೇಳಿಕೊಳ್ಳುವಂತಿರಲಿಲ್ಲ. ಶಜರ್ ಅದ್ದುರ್ ಸತ್ತ ಮಗನ ತಾಯಿ ಎಂದು ಹೇಳಿಕೊಳ್ಳದೆ ಆಳುವಂತಿರಲಿಲ್ಲ. ಮುಖ ತೋರಿಸಿದ ನಾಣ್ಯವೂ, ಮುಖವಿಲ್ಲದ ನಾಣ್ಯವೂ ಹೆಣ್ಣಿಗೆ ಕೇಳಿದ ಪ್ರಶ್ನೆ ಒಂದೇ: ನೀನು ಯಾರವಳು?

ನಮ್ಮ ಪಹಣಿಗಳು ಈಗಲೂ ಅದನ್ನೇ ಕೇಳುತ್ತವೆ. ಗಂಡಸಿನ ಹೆಸರಿನ ಮುಂದೆ ‘ಬಿನ್’ ಎಂದು ತಂದೆಯ ಹೆಸರು, ಮದುವೆಯಾದ ಹೆಂಗಸಿನ ಹೆಸರಿನ ಮುಂದೆ ‘ಕೋಂ’ ಎಂದು ಗಂಡನ ಹೆಸರು. ಮನೆಯಲ್ಲೂ ಬೇರೆಯೇನಿಲ್ಲ. ಚೊಚ್ಚಲು ಮಗ ಹುಟ್ಟಿದ ಮೇಲೆ ಎಷ್ಟೋ ಹೆಂಗಸರನ್ನು ಕೇರಿಯವರು ಮಗನ ಹೆಸರು ಹಿಡಿದು ಇಂಥವನ ಅಮ್ಮಾ ಎಂದೇ ಕರೆಯುತ್ತಾರೆ. ಅದರಲ್ಲಿ ಪ್ರೀತಿ ಇಲ್ಲವೆಂದಲ್ಲ. ಆದರೆ ಆ ಮಗ ತೀರಿಹೋದರೆ ಅವಳನ್ನು ಏನೆಂದು ಕರೆಯಬೇಕು?

ಇಷ್ಟು ಹೇಳಿ ಜೂಲಿಯಾಳನ್ನು ಬರೀ ನೊಂದವಳನ್ನಾಗಿ ಮಾಡಿದರೆ ನಾವೂ ಟಂಕಸಾಲೆಯವರ ಕೆಲಸವನ್ನೇ ಮಾಡಿದಂತಾಗುತ್ತದೆ. ಅವಳು ಓದುಬರಹ ಬಲ್ಲವಳು. ಗಂಡನ ಆಪ್ತನಾಗಿದ್ದ ಪ್ಲಾಟಿಲ್ಲಾಳ ತಂದೆ ಅವಳ ಮೇಲೆ ಕಳಂಕ ಹೊರಿಸಲು ಕುಲೀನ ಹೆಂಗಸರನ್ನು ಹಿಂಸಿಸಿ ಸಾಕ್ಷ್ಯ ಹುಡುಕಿದಾಗ ಅವಳು ತತ್ವಶಾಸ್ತ್ರದ ಕಡೆ ಹೊರಳಿದಳು, ವಿದ್ವಾಂಸರನ್ನು ಸುತ್ತ ಸೇರಿಸಿಕೊಂಡಳು. ಸಂತ ಅಪೊಲೊನಿಯಸ್ಸನ ಚರಿತ್ರೆಯನ್ನು ಫಿಲೊಸ್ಟ್ರಾಟಸ್ ಬರೆದದ್ದು ಅವಳು ಹೇಳಿದ್ದರಿಂದ. ಮಗ ದಂಡಯಾತ್ರೆಯಲ್ಲಿದ್ದಾಗ ಗ್ರೀಕ್, ಲ್ಯಾಟಿನ್ ಎರಡೂ ಭಾಷೆಗಳ ಪತ್ರವ್ಯವಹಾರವನ್ನೂ ಅಹವಾಲುಗಳನ್ನೂ ನೋಡಿಕೊಳ್ಳುತ್ತಿದ್ದವಳು ಅವಳೇ. ಒಬ್ಬ ಮಗನನ್ನು ಕೊಂದ ಇನ್ನೊಬ್ಬ ಮಗನ ಜೊತೆ ಐದು ವರ್ಷಕ್ಕೂ ಹೆಚ್ಚು ಕಾಲ ಅವಳು ಹೇಗೆ ಬಾಳಿದಳು, ಅಧಿಕಾರವನ್ನು ಹೇಗೆ ಒಪ್ಪಿಕೊಂಡಳು? ಕತೆ ಬರೆಯುವ ನಮಗೆ ಎಲ್ಲಕ್ಕಿಂತ ಕಾಡುವ ಪ್ರಶ್ನೆ ಇದು. ನಾಣ್ಯ ಇದಕ್ಕೆ ಬಾಯಿ ಬಿಡುವುದಿಲ್ಲ. ಪೇಟೆಯ ಮಾತು ಬಾಯಿ ಬಿಟ್ಟಿತು, ಆದರೆ ಕೊಳಕಾಗಿ. ಅಲೆಕ್ಸಾಂಡ್ರಿಯಾದ ಜನ ಅವಳನ್ನು ಯೊಕಾಸ್ಟಾ ಎಂದು ಹಂಗಿಸಿದರೆಂದು ಹೆರೋಡಿಯನ್ ಬರೆಯುತ್ತಾನೆ. ಗ್ರೀಕ್ ಕತೆಯಲ್ಲಿ ತಿಳಿಯದೆ ಮಗನನ್ನೇ ಮದುವೆಯಾದವಳು ಯೊಕಾಸ್ಟಾ. ಅರಮನೆಗೆ ಅವಳು ನಾಡಿನ ತಾಯಿ, ಬೀದಿಗೆ ಕೆಟ್ಟ ತಾಯಿ. ಪತ್ರ ಓದಿ ಉತ್ತರ ಬರೆಸುತ್ತಿದ್ದ ಹೆಂಗಸು ಎರಡು ಕಡೆಯೂ ಇಲ್ಲ. ಅವಳ ಕೈಯ ಒಂದು ಸ್ವಂತ ಪುಟವಾದರೂ ಉಳಿದಿದ್ದರೆ ಈ ಸಾವಿರಾರು ನಾಣ್ಯಗಳಿಗಿಂತ ಹೆಚ್ಚು ಬೆಲೆ ಬಾಳುತ್ತಿತ್ತು.

217ರ ಏಪ್ರಿಲಿನಲ್ಲಿ ಹರ‍್ರಾನಿನ ಹತ್ತಿರ ಕ್ಯಾರಕಲ್ಲಾನ ಕೊಲೆಯಾಯಿತು. ಅಂತಿಯೋಕಿನಲ್ಲಿದ್ದ ಜೂಲಿಯಾ ಕಾಯಿಲೆಯಲ್ಲಿದ್ದಳು, ಅನ್ನ ಬಿಟ್ಟು ಸತ್ತಳು ಎನ್ನುತ್ತಾನೆ ಡಿಯೊ. ಆಮೇಲೆ ಅವಳ ಅಕ್ಕನ ವಂಶ ಪಟ್ಟಕ್ಕೆ ಬಂದಿತು. ಅವಳನ್ನು ದೇವಿಯನ್ನಾಗಿ ಮಾಡಿ ಹಿಂಬದಿಗೆ ನವಿಲು ಹಾಕಿ ಇನ್ನೊಂದು ನಾಣ್ಯ ಹೊಡೆಸಿದರು. ಸತ್ತ ಮೇಲೂ ಅವಳು ಚಲಾವಣೆಯಲ್ಲಿದ್ದಳು. ಅವಳು ಹುಟ್ಟಿದ ಹಿಮ್ಸ್ 2011ರ ನಂತರದ ಅಂತರ್ಯುದ್ಧದಲ್ಲಿ ಕೇರಿಕೇರಿಯಾಗಿ ಪಾಳುಬಿತ್ತು. 2013ರಲ್ಲಿ ಖಾಲಿದ್ ಬಿನ್ ವಲೀದರ ಗೋರಿಗೂ ಶೆಲ್ಲುಗಳು ಬಿದ್ದವು. ಮಗನ ಹೆಸರು ಹಿಡಿದು ಗಟ್ಟಿಯಾಗಿ ಅಳಲಾರದ ತಾಯಂದಿರು ಆ ಊರಿಗೆ ಹೊಸಬರಲ್ಲ.

ಕೊನೆಗೆ ಒಂದು ಮಾತು. ಗೇಟಾನ ಮುಖವಿದ್ದ ನಾಣ್ಯಗಳನ್ನು ಕ್ಯಾರಕಲ್ಲಾ ಕರಗಿಸಿದ ಎಂದು ಡಿಯೊ ಬರೆದಿದ್ದಾನೆ. ಆದರೆ ಜನ ತಮ್ಮ ಕಷ್ಟದ ಗಳಿಕೆಯನ್ನು ಮಡಕೆಗಳಲ್ಲಿ ತುಂಬಿ ಹೂತಿಟ್ಟಿದ್ದರು. ಅವರಿಗೆ ಗೇಟಾನ ಮೇಲೆ ಪ್ರೀತಿಯೇನೂ ಇರಲಿಲ್ಲ; ಬೆಳ್ಳಿ ಬೇಕಾಗಿತ್ತು ಅಷ್ಟೆ. ಹಾಗಾಗಿ ಅಳಿಸಬೇಕೆಂದ ಆ ಹುಡುಗನ ಮುಖ ಅನೇಕ ಸಂಗ್ರಹಾಲಯಗಳಲ್ಲಿ ಇಂದು ಧಾರಾಳವಾಗಿ ಸಿಗುತ್ತದೆ. ಒಂದೇ ನಿಧಿಯಲ್ಲಿ, ಒಂದೇ ತಟ್ಟೆಯಲ್ಲಿ ತಾಯಿಯ ನಾಣ್ಯವೂ ಮಗನ ನಾಣ್ಯವೂ ಒಟ್ಟಿಗೆ ಬಿದ್ದಿರುತ್ತವೆ. ಅವನನ್ನು ನೆನೆಯಬಾರದು ಎಂದ ಆಜ್ಞೆ ಈಗ ಯಾರ ಮೇಲೂ ಇಲ್ಲ. ‘ಫೆಲಿಕ್ಸ್’ ಎಂಬ ಆ ಮಾತನ್ನು ಓದುವಾಗ ನಾವಾದರೂ ಅವಳ ಪರವಾಗಿ ಒಂದಿಷ್ಟು ಹೊತ್ತು ನಗದೆ ಇರಬಹುದು.